ಉಬ್ಬಿದ ಗೆರೆ, ತಗ್ಗಿದ ಗೆರೆ

ಸಯನ್ ಗುಡ್ಡದ ಮೇಲಿನ ಕೋಟೆ ಎದ್ದದ್ದು 1669ರಿಂದ 1677ರವರೆಗೆ ಮುಂಬಯಿಯ ಗವರ್ನರ್ ಆಗಿದ್ದ ಜೆರಾಲ್ಡ್ ಆಂಜಿಯರ್ ಕಾಲದಲ್ಲಿ. ಈಸ್ಟ್ ಇಂಡಿಯಾ ಕಂಪನಿ ಈ ಊರಲ್ಲಿ ನಾಣ್ಯ ಹೊಡೆಯಲು ತೊಡಗಿದ್ದೂ ಅವನ ಕಾಲದಲ್ಲೇ. ಕೋಟೆ ಪಾಳುಬಿದ್ದಿದೆ. ನಾಣ್ಯದ ಕೆಲಸ ಮಾತ್ರ ನಿಂತಿಲ್ಲ. ಸಯನ್ನಿನಲ್ಲಿ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದರೆ ಫೋರ್ಟಿನ ಟಂಕಸಾಲೆಗೆ ನಡೆದೇ ಹೋಗಬಹುದು.

ಸಯನ್, ಮಾಟುಂಗದ ಕನ್ನಡ ಮನೆಗಳಲ್ಲಿ ದೇವರ ಪೆಟ್ಟಿಗೆ ತಡಕಿದರೆ ಊರಿಂದ ಬಂದ ನಾಲ್ಕಾರು ಹಳೆ ನಾಣ್ಯ ಸಿಗುತ್ತವೆ. ಈಚೆಗೆ ಅವುಗಳಲ್ಲಿ ಎಲ್ಲರೂ ಹುಡುಕುವುದು ‘ಎರರ್ ಕಾಯಿನ್’. ಟಂಕಸಾಲೆಯಲ್ಲೇ ತಪ್ಪಿ ಹುಟ್ಟಿದ ನಾಣ್ಯಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ, ಆಮೇಲೆ ಪೆಟ್ಟು ತಿಂದದ್ದಕ್ಕೆ ಕೊಡುವುದಿಲ್ಲ. 1943ರಿಂದ 1947ರವರೆಗಿನ ತೂತು ಕಾಸಂತೂ ಎರಡೂ ಅಲ್ಲ. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದೇ ಅದಕ್ಕೆ ತೂತಿಟ್ಟರು. ತೂತು ನಡುವಿನಿಂದ ಪಕ್ಕಕ್ಕೆ ಸರಿದಿದ್ದರೆ ಆಗ ಗಮನಿಸಬೇಕು.

ಟಂಕಸಾಲೆಯ ತಪ್ಪನ್ನೂ ಆಮೇಲಿನ ಪೆಟ್ಟನ್ನೂ ಬೇರ್ಪಡಿಸುವ ವಿದ್ಯೆಯ ಮೊದಲ ಪಾಠಕ್ಕೆ ಒಂದು ಭೂತಗನ್ನಡಿ ಸಾಕು. ಅಚ್ಚು ಬಿರುಕು ಬಿಟ್ಟರೆ ಒತ್ತಡಕ್ಕೆ ಲೋಹ ಆ ಬಿರುಕಿನೊಳಗೆ ನುಗ್ಗುತ್ತದೆ. ನಾಣ್ಯದ ಮೇಲೆ ಅದು ಉಬ್ಬಿದ ಗೆರೆ. ನಾಣ್ಯಕ್ಕೇ ಗೀರು ಬಿದ್ದರೆ ಅದು ತಗ್ಗು, ಕಿತ್ತ ಲೋಹ ಗೀರಿನ ಬದಿಯಲ್ಲಿ ಏಣಾಗಿ ನಿಂತಿರುತ್ತದೆ. ಇದಕ್ಕೆ ಅಪವಾದಗಳೂ ಇವೆ. ಅಚ್ಚಿಗೂ ಬಿಲ್ಲೆಗೂ ನಡುವೆ ದಾರದ ಎಳೆ ಸಿಕ್ಕಿಕೊಂಡರೆ ಟಂಕಸಾಲೆಯ ತಪ್ಪೂ ತಗ್ಗಾಗಿಯೇ ಮೂಡುತ್ತದೆ. ಆದರೆ ಅದರ ಬದಿಯಲ್ಲಿ ಕಿತ್ತ ಏಣು ಇರುವುದಿಲ್ಲ.

ನನಗೆ ಇದರಲ್ಲೆಲ್ಲ ಸೊಗಸೆನಿಸುವುದು ಅಂಚು ಹೋದ ಪಾವಲಿಯ ಪರೀಕ್ಷೆ. ತಗಡಿನಿಂದ ಬಿಲ್ಲೆ ಕತ್ತರಿಸುವಾಗ ತಗಡು ಸರಿಯಾಗಿ ಮುಂದೆ ಸರಿಯದಿದ್ದರೆ ಕತ್ತರಿ ಹಿಂದಿನ ತೂತಿನ ಮೇಲೆ ಬೀಳುತ್ತದೆ. ಬಿಲ್ಲೆ ಯಾರೋ ಕಚ್ಚಿದ ಬಿಸ್ಕತ್ತಿನಂತೆ ಹೊರಬರುತ್ತದೆ. ಮುಂದೆ ಅಂಚು ಎಬ್ಬಿಸುವ ಯಂತ್ರದಲ್ಲಿ ಆ ಖಾಲಿ ಜಾಗಕ್ಕೆ ಒತ್ತಡ ಬೀಳುವುದಿಲ್ಲ. ಹಾಗಾಗಿ ನೇರ ಎದುರು ಬದಿಯ ಅಂಚೂ ಸರಿಯಾಗಿ ಏಳುವುದಿಲ್ಲ. ಅರದಿಂದ ಅಂಚು ಉಜ್ಜಿದವನಿಗೆ ಈ ಎದುರು ಬದಿಯ ನೆನಪಿರುವುದಿಲ್ಲ. ಅಲ್ಲಿ ಅಂಚು ಗಟ್ಟಿಯಾಗಿ, ಪೂರ್ತಿ ಎದ್ದು ನಿಂತಿದ್ದರೆ ಅನುಮಾನಪಡಬೇಕು.

ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾದ ‘ಶೋಲೆ’ (1975) ನೋಡಿದವರು ಅದರಲ್ಲಿರುವಂಥ, ಎರಡೂ ಮುಖ ಒಂದೇ ಇರುವ ನಾಣ್ಯ ಕೇಳುವುದುಂಟು. ಹಾಗೆ ಸಿಗುವವು ಬಹುಮಟ್ಟಿಗೆ ಜಾದೂಗಾರರ ಸರಕು: ಒಂದು ನಾಣ್ಯದ ಹೊಟ್ಟೆ ಕೊರೆದು ಇನ್ನೊಂದರ ತೆಳುಮುಖ ಕೂರಿಸಿದ್ದು. ಅಂಚಿನ ಒಳಬದಿಯಲ್ಲಿ ಸುತ್ತಲೂ ಕೂದಲೆಳೆಯಂಥ ಸಂದು ಕಾಣುತ್ತದೆ.

ಯಂತ್ರ ಬರುವ ಮೊದಲಿನ ನಾಣ್ಯಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಕೈಯಿಂದ ಬಡಿದ ಟಿಪ್ಪುವಿನ ಆನೆ ಪೈಸೆಯಲ್ಲಿ ಆನೆ ಓರೆಯಾಗಿದ್ದರೆ ಅದು ಆ ಕಾಲದ ವಾಡಿಕೆ. ಮೊಗಲ್ ರೂಪಾಯಿಯ ಮೇಲಿನ ಸಣ್ಣ ಸಣ್ಣ ಮುದ್ರೆಗಳು ಬೆಳ್ಳಿ ಪರೀಕ್ಷಿಸಿದ ಚಿನಿವಾರರವು. ಅವು ಹಾನಿಯೆಂದೇ ಲೆಕ್ಕವಾದರೂ ನಾನಾದರೆ ಅಂಥ ರೂಪಾಯಿಯನ್ನು ಬಿಡೆನು. ಎಷ್ಟು ಅಂಗಡಿ ದಾಟಿತ್ತೆಂಬುದು ಅದರ ಮೈಮೇಲಿದೆ. ಕಾಸಿನ ಸರದಿಂದ ಕಿತ್ತ ವಿಕ್ಟೋರಿಯಾ ರೂಪಾಯಿಯನ್ನು ಎರರ್ ಎಂದು ಮಾರಲು ಬಂದರೆ ಮಾತ್ರ ರಾಣಿಯ ನೆತ್ತಿಯ ಮೇಲಿನ ಅಂಚು ನೋಡಿ. ಕೊಂಡಿ ಬೆಸೆದ ಜಾಗ ಎಷ್ಟು ಉಜ್ಜಿದರೂ ಉಳಿದ ಬೆಳ್ಳಿಯ ಬಣ್ಣಕ್ಕೆ ಬರುವುದಿಲ್ಲ.

ತಾಮ್ರದ ಕಾಸನ್ನು ಹಬ್ಬಕ್ಕೆಂದು ಹುಣಸೆಹುಳಿಯಲ್ಲಿ ತಿಕ್ಕಿಬಿಟ್ಟಿದ್ದರೆ ಎಂಥ ನುರಿತ ಕಣ್ಣಿಗೂ ಕಷ್ಟ. ಹಳೆಯ ಗೀರೋ ಹೊಸದೋ ಎಂದು ಹೇಳುತ್ತಿದ್ದ ಕಂದುಪದರವೇ ಹುಳಿಯೊಂದಿಗೆ ಹೋಗಿರುತ್ತದೆ.