ಕೊಳ್ಳದ ಕೈಯ ಬಲ

ವರದೆಯು ತುಂಗಭದ್ರೆಯನ್ನು ಕೂಡುವುದು ಗಳಗನಾಥದಲ್ಲಿ. ಆ ಸೀಮೆಯಲ್ಲಿ ಖಾದಿಯ ದೀಕ್ಷೆ ತೊಟ್ಟವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1930ರಲ್ಲಿ ದಾಂಡಿಗೆ ನಡೆದವರು, 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು.

ಆ ಖಾದಿಯ ಹಿಂದೆ ಗಿರಾಕಿಯ ಲೆಕ್ಕವೊಂದಿತ್ತು. ಲ್ಯಾಂಕಾಷೈರಿನ ಗಿರಣಿ ಒಡೆಯರ ಒತ್ತಾಯಕ್ಕೆ ಮಣಿದ ಸರಕಾರವು 1896ರಲ್ಲಿ ಭಾರತದ ಗಿರಣಿ ಬಟ್ಟೆಗೆ ನೂರಕ್ಕೆ ಮೂರೂವರೆಯಂತೆ ಸುಂಕ ಹೇರಿತ್ತು. ಆ ಒಡೆಯರ ಕಿಸೆಗೆ ಪೆಟ್ಟು ಬಿದ್ದರೆ ಪಾರ್ಲಿಮೆಂಟಿಗೂ ಕೇಳಿಸೀತೆಂದು 1905ರಲ್ಲಿ ಬಂಗಾಲವು ವಿದೇಶಿ ಬಟ್ಟೆಯನ್ನು ತೊರೆಯಿತು. ಆದರೆ ಸ್ವದೇಶಿ ಬಟ್ಟೆ ತುಟ್ಟಿಯಾಗಿ ಬಡವರು ಸೋತರು. 1921ರಲ್ಲಿ ಗಾಂಧೀಜಿಯವರು ಬಹಿಷ್ಕಾರದೊಡನೆ ಚರಕವನ್ನೂ ಕೈಗಿತ್ತರು.

2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟು ಚುನಾವಣಾ ಬಾಂಡುಗಳನ್ನು ರದ್ದುಗೊಳಿಸಿತು; ಕಂಪನಿಗಳು ಅವುಗಳ ಮೂಲಕ ಪಕ್ಷಗಳಿಗೆ ಕೊಟ್ಟ ಹಣವು ಬಯಲಾಯಿತು. ‘ಇಂಥವರ ಸರಕು ನಮಗೆ ಬೇಡ’ ಎನ್ನುವ ಗೃಹಸ್ಥನು ಮೊದಲು ತನ್ನ ಚರಕ ಯಾವುದೆಂದು ಹುಡುಕಿಕೊಳ್ಳಲಿ.