ಅಂಕೀಯ ಶಿಲ್ಪದಿಂದ ರೆಸಿನ್ ಎರಕದವರೆಗೆ: ಮೂಲಮಾದರಿಯ ಪ್ರಶ್ನೆ

ಎರಕವೆಂದರೆ ಒಂದು ಆಕೃತಿಯನ್ನು ಅದರದೇ ಪೊಳ್ಳಿನ ಮೂಲಕ ಮತ್ತೆ ಪಡೆಯುವ ಕ್ರಿಯೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಲೋಹಪ್ರತಿಮೆಗಳನ್ನು ಮೇಣದ ಎರಕದಿಂದ ಮಾಡುವ ವಿಧಾನ ನಿರೂಪಿತವಾಗಿದೆ. ಮೇಣದ ಪ್ರತಿಮೆಗೆ ಮಣ್ಣಿನ ಲೇಪ ಕೊಟ್ಟು, ಕಾಯಿಸಿ, ಮೇಣವನ್ನು ಹೊರಹರಿಸಿ, ಆ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯುವ ಈ ಕ್ರಮದಲ್ಲಿ ಮೇಣದ ಮೂಲವೂ ಅಳಿಯುತ್ತದೆ, ಮಣ್ಣಿನ ಅಚ್ಚೂ ಒಡೆಯುತ್ತದೆ. ಉಳಿಯುವುದು ಒಂದೇ ಪ್ರತಿಮೆ. ಒಂದೇ ಮೂಲದಿಂದ ಹಲವು ಪ್ರತಿಗಳನ್ನು ತೆಗೆಯುವ ಎರಕದಲ್ಲಿ ಮೂಲ ಮತ್ತು ಪ್ರತಿಗಳ ಸಂಬಂಧ ಬೇರೆ ಬಗೆಯದು. ಗಣಕಯಂತ್ರದಲ್ಲಿ ಕೆತ್ತಿ, ಮುದ್ರಣಯಂತ್ರದ ನೆರವಿನಿಂದ ಘನರೂಪಕ್ಕೆ ತಂದ ಮೂಲಮಾದರಿಯಿಂದ ರೆಸಿನ್ ಪ್ರತಿಮೆಗಳ ಬಿಡಿಭಾಗಗಳನ್ನು ಎರಕ ಹೊಯ್ಯುವ ಈಚಿನ ಪದ್ಧತಿಯಲ್ಲಿ ಈ ಸಂಬಂಧ ಇನ್ನಷ್ಟು ಜಟಿಲವಾಗಿದೆ. ಇಲ್ಲಿ ಮೂಲವೆಂದು ಕರೆಯಬೇಕಾದುದು ಗಣಕದ ಕಡತವನ್ನೇ, ಮುದ್ರಿತ ರೂಪವನ್ನೇ ಅಥವಾ ಅಚ್ಚನ್ನೇ ಎಂಬ ಪ್ರಶ್ನೆಯನ್ನು ಜಪಾನಿನ ‘ಗ್ಯಾರೇಜ್ ಕಿಟ್’ ಪರಂಪರೆಯ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಗ್ಯಾರೇಜ್ ಕಿಟ್ ಎಂದರೆ ಹವ್ಯಾಸಿಗಳು ಅಥವಾ ಸಣ್ಣ ತಯಾರಕರು ಅಲ್ಪ ಸಂಖ್ಯೆಯಲ್ಲಿ ಎರಕ ಹೊಯ್ದು, ಬಣ್ಣ ಹಚ್ಚದೆ ಬಿಡಿಭಾಗಗಳಾಗಿಯೇ ಮಾರುವ ಪ್ರತಿಮೆ. ಕೊಂಡವನೇ ಅದನ್ನು ಉಜ್ಜಿ, ಜೋಡಿಸಿ, ಬಣ್ಣ ಕೊಡಬೇಕು. ಇಂತಹ ಕೃತಿಗಳ ಮುಖ್ಯ ಮೇಳವಾದ ‘ವಂಡರ್ ಫೆಸ್ಟಿವಲ್’ ಅನ್ನು 1980ರ ದಶಕದ ಮಧ್ಯಭಾಗದಲ್ಲಿ ಒಸಾಕಾದ ಜನರಲ್ ಪ್ರಾಡಕ್ಟ್ಸ್ ಸಂಸ್ಥೆ ಆರಂಭಿಸಿತು. 1992ರಿಂದ ಅದರ ಹೊಣೆಯನ್ನು ಕೈಯೋಡೊ ಸಂಸ್ಥೆ ವಹಿಸಿಕೊಂಡಿತು. 2009ರಿಂದ ಮೇಳವು ಚಿಬಾದ ಮಕುಹಾರಿ ಮೆಸ್ಸೆಯಲ್ಲಿ ನಡೆಯುತ್ತ ಬಂದಿದೆ. ಚಿತ್ರಕಥೆ, ಚಲನಚಿತ್ರಗಳ ಪಾತ್ರಗಳನ್ನು ರೂಪಿಸುವ ಹವ್ಯಾಸಿಗಳಿಗೆ ಹಕ್ಕುದಾರರು ಆ ಒಂದು ದಿನದ ಮಾರಾಟಕ್ಕೆ ಮಾತ್ರ ಅನುಮತಿ ನೀಡುವ ವ್ಯವಸ್ಥೆ ಈ ಮೇಳದ ವೈಶಿಷ್ಟ್ಯ. ಮೂಲಮಾದರಿಯನ್ನು ರೂಪಿಸುವವನನ್ನು ಜಪಾನಿನಲ್ಲಿ ‘ಗೆಂಕೇಶಿ’ ಎಂದು ಕರೆಯುತ್ತಾರೆ. ಪಾಲಿಎಸ್ಟರ್ ಮತ್ತು ಎಪಾಕ್ಸಿ ಪುಟ್ಟಿಗಳನ್ನು ಮೆತ್ತಿ, ಕೆರೆದು, ಉಜ್ಜಿ ರೂಪಿಸುವುದು ಇವರ ಹಳೆಯ ಕ್ರಮ.

ಘನರೂಪ ಮುದ್ರಣದ ಒಂದು ಬೇರು ಕೂಡ ಜಪಾನಿನಲ್ಲಿಯೇ ಇದೆ. ಬೆಳಕು ತಾಗಿದಾಗ ಗಟ್ಟಿಯಾಗುವ ದ್ರವವನ್ನು ಪದರ ಪದರವಾಗಿ ಘನೀಕರಿಸುವ ಕ್ರಮವನ್ನು ನಗೋಯಾದ ಹಿಡಿಯೊ ಕೊಡಾಮ ಅವರು 1981ರಲ್ಲಿ ಪ್ರಕಟಿಸಿದರು. ಅಮೆರಿಕದ ಚಾರ್ಲ್ಸ್ ಹಲ್ ಅವರು 1984ರಲ್ಲಿ ಅರ್ಜಿ ಸಲ್ಲಿಸಿ 1986ರಲ್ಲಿ ಏಕಸ್ವಾಮ್ಯದ ಹಕ್ಕುಪತ್ರ ಪಡೆದರು. ದೀರ್ಘಕಾಲ ಕಾರ್ಖಾನೆಗಳಿಗೆ ಸೀಮಿತವಾಗಿದ್ದ ಈ ಯಂತ್ರಗಳು 2010ರ ದಶಕದಲ್ಲಿ ಮೇಜಿನ ಮೇಲಿಡುವ ಗಾತ್ರಕ್ಕೂ ಹವ್ಯಾಸಿಯ ಕೈಗೆಟಕುವ ಬೆಲೆಗೂ ಇಳಿದವು. ಜೀಬ್ರಷ್‌ನಂತಹ ಶಿಲ್ಪ ತಂತ್ರಾಂಶಗಳ ಬಳಕೆಯೂ ಇದರೊಂದಿಗೆ ವ್ಯಾಪಕವಾಯಿತು.

ಪರದೆಯಿಂದ ಮುದ್ರಣಕ್ಕೆ

ತಂತ್ರಾಂಶದಲ್ಲಿ ಮುಖದ ಒಂದು ಪಾರ್ಶ್ವವನ್ನು ಕೆತ್ತಿದರೆ ಇನ್ನೊಂದು ಪಾರ್ಶ್ವ ತಾನಾಗಿ ಮೂಡುತ್ತದೆ. ತಪ್ಪಿದ ಗೆರೆಯನ್ನು ಹಿಂದಕ್ಕೆ ಪಡೆಯಬಹುದು. ಆದರೆ ಪರದೆಗೆ ಅಳತೆಯ ಭಾರವಿಲ್ಲ. ಹಿಗ್ಗಿಸಿ ನೋಡಿದಾಗ ಸೊಗಸಾಗಿ ಕಾಣುವ ಜಡೆಯ ಎಳೆ, ಪ್ರತಿಮೆಯನ್ನು ನಿಜವಾದ ಗಾತ್ರಕ್ಕೆ ಇಳಿಸಿದಾಗ ಕೈ ತಾಗಿದರೆ ಮುರಿಯುವಷ್ಟು ತೆಳುವಾಗಿಬಿಡುತ್ತದೆ. ಅನುಭವಿಯಾದ ಶಿಲ್ಪಿ ಇಂತಹ ಅಂಚುಗಳನ್ನು ಬೇಕೆಂದೇ ದಪ್ಪವಾಗಿಸುತ್ತಾನೆ. ಅಚ್ಚಿನಿಂದ ಸಲೀಸಾಗಿ ಬಿಡಿಸಿಕೊಳ್ಳುವಂತೆ ಪ್ರತಿಮೆಯನ್ನು ಭಾಗಗಳಾಗಿ ಕತ್ತರಿಸಿ, ಕೂಡುವ ಕಡೆಗಳಲ್ಲಿ ಗೂಟ ಮತ್ತು ಕುಳಿಗಳನ್ನು ಇಡುವುದೂ, ಎರಕದಲ್ಲಿ ಆಗುವ ಸಂಕೋಚನವನ್ನು ಅಂದಾಜಿಸಿ ಗಾತ್ರವನ್ನು ತುಸು ಹಿಗ್ಗಿಸುವುದೂ ಈ ಹಂತದಲ್ಲಿಯೇ ಆಗುತ್ತದೆ.

ಮುದ್ರಣದಲ್ಲಿ ಪದರದ ದಪ್ಪ ಸಾಮಾನ್ಯವಾಗಿ 0.05 ಮಿ.ಮೀ. ಅಥವಾ ಅದಕ್ಕೂ ಕಡಿಮೆ. ಆದರೂ ಇಳಿಜಾರಿನ ಮೇಲ್ಮೈಗಳಲ್ಲಿ ಮೆಟ್ಟಿಲುಗಳಂತಹ ಸೂಕ್ಷ್ಮ ಗೆರೆಗಳೂ, ಆಧಾರಕಂಬಿಗಳನ್ನು ಕಿತ್ತ ಕಡೆ ಚುಕ್ಕೆಗಳೂ ಉಳಿಯುತ್ತವೆ. ಸಿಲಿಕೋನ್ ರಬ್ಬರ್ ಬೆರಳಗುರುತನ್ನೂ ಬಿಡದೆ ನಕಲಿಸುವ ವಸ್ತುವಾದುದರಿಂದ ಮೂಲಮಾದರಿಯ ಮೇಲೆ ಉಳಿದ ಒಂದು ಗೆರೆ ಎಲ್ಲ ಪ್ರತಿಗಳಲ್ಲಿಯೂ ಮೂಡುತ್ತದೆ. ಆದಕಾರಣ ತಳಬಣ್ಣ ಹಚ್ಚಿ, ಉಪ್ಪುಕಾಗದದಿಂದ ಉಜ್ಜಿ, ಮತ್ತೆ ತಳಬಣ್ಣ ಹಚ್ಚಿ ನೋಡುವ ಕೆಲಸ ಅನಿವಾರ್ಯ. ಎಷ್ಟು ಉಜ್ಜಿದರೆ ಗೆರೆ ಮಾಯವಾಗುತ್ತದೆ, ಎಷ್ಟು ಉಜ್ಜಿದರೆ ತುಟಿಯ ಅಂಚೇ ಮಾಯವಾಗುತ್ತದೆ ಎಂಬ ವಿವೇಚನೆ ಯಂತ್ರದ್ದಲ್ಲ, ಕೈಯದು.

ಅಚ್ಚು ಮತ್ತು ಎರಕ

ಮೂಲಮಾದರಿಯ ಅರ್ಧವನ್ನು ಜೇಡಿಯಲ್ಲಿ ಹುದುಗಿಸಿ, ಸುತ್ತ ಗೋಡೆ ಕಟ್ಟಿ, ಸಿಲಿಕೋನ್ ಹೊಯ್ಯಲಾಗುತ್ತದೆ. ಅದು ಗಟ್ಟಿಯಾದ ಮೇಲೆ ಮಗುಚಿ, ಜೇಡಿ ತೆಗೆದು, ಅಂಟದಂತೆ ಲೇಪ ಹಚ್ಚಿ, ಇನ್ನೊಂದು ಅರ್ಧವನ್ನು ಹೊಯ್ಯುತ್ತಾರೆ. ಮುದ್ರಿತ ಮೂಲಗಳಿಗೆ ಈ ಹಂತದಲ್ಲಿ ವಿಶೇಷವಾದ ಅಪಾಯವೊಂದಿದೆ. ಪ್ಲಾಟಿನಂ ವೇಗವರ್ಧಕದಿಂದ ಗಟ್ಟಿಯಾಗುವ ಸಿಲಿಕೋನ್, ಮುದ್ರಣದ ರೆಸಿನ್‌ನಲ್ಲಿ ಪೂರ್ತಿ ಗಟ್ಟಿಯಾಗದೆ ಉಳಿದ ಅಂಶಗಳ ಸಂಪರ್ಕಕ್ಕೆ ಬಂದಾಗ ಆ ಮೇಲ್ಮೈಯಲ್ಲಿ ಅಂಟಾಗಿಯೇ ಉಳಿಯುತ್ತದೆ. ಗಂಧಕ ಬೆರೆತ ಜೇಡಿಯೂ ಇದೇ ಪರಿಣಾಮ ಉಂಟುಮಾಡುತ್ತದೆ. ಹಾಗಾದಲ್ಲಿ ಅಚ್ಚು ಕೆಡುವುದಲ್ಲದೆ ವಾರಗಟ್ಟಲೆ ತಿದ್ದಿದ ಮೂಲವೂ ಕೈತಪ್ಪಬಹುದು. ಇದನ್ನು ತಪ್ಪಿಸಲು ಮುದ್ರಿತ ಭಾಗಗಳನ್ನು ಆಲ್ಕೊಹಾಲಿನಲ್ಲಿ ಚೆನ್ನಾಗಿ ತೊಳೆದು, ಅತಿನೇರಳೆ ಬೆಳಕಿನಲ್ಲಿಯೂ ಹದವಾದ ಕಾವಿನಲ್ಲಿಯೂ ಮತ್ತೆ ಮಾಗಿಸಿ, ರಕ್ಷಕ ಲೇಪ ಕೊಡುತ್ತಾರೆ. ಇಲ್ಲವೇ ಈ ತೊಂದರೆ ಅಷ್ಟಾಗಿ ಬಾಧಿಸದ ತವರ ವೇಗವರ್ಧಕದ ಸಿಲಿಕೋನನ್ನು ಆಯ್ದುಕೊಳ್ಳುತ್ತಾರೆ.

ಎರಕಕ್ಕೆ ಬಳಸುವುದು ಎರಡು ದ್ರವಗಳನ್ನು ಬೆರೆಸಿದಾಗ ಗಟ್ಟಿಯಾಗುವ ಪಾಲಿಯುರಿಥೇನ್ ರೆಸಿನ್. ಬೆರೆಸಿದ ಕೆಲವೇ ನಿಮಿಷಗಳಲ್ಲಿ ಅದು ಹರಿಯುವ ಗುಣ ಕಳೆದುಕೊಳ್ಳುವುದರಿಂದ ಹೊಯ್ಯುವ ದಾರಿ ಮತ್ತು ಗಾಳಿ ಹೊರಹೋಗುವ ದಾರಿಗಳನ್ನು ಅಚ್ಚಿನಲ್ಲಿ ಮೊದಲೇ ಯೋಜಿಸಿರಬೇಕು. ತೇವ ಸೇರಿದರೆ ಇಂಗಾಲದ ಡೈಆಕ್ಸೈಡ್ ಉತ್ಪತ್ತಿಯಾಗಿ ರೆಸಿನ್ ನೊರೆಯುತ್ತದೆ. ಉಳಿದ ಗುಳ್ಳೆಗಳನ್ನು ನಿರ್ವಾತದಿಂದ ಹೊರಗೆಳೆಯಲಾಗುತ್ತದೆ, ಇಲ್ಲವೇ ಒತ್ತಡದ ಪಾತ್ರೆಯಲ್ಲಿಟ್ಟು ಕಣ್ಣಿಗೆ ಕಾಣದಷ್ಟು ಕುಗ್ಗಿಸಲಾಗುತ್ತದೆ. ಒಂದು ಅಚ್ಚು ಕೆಲವು ಹತ್ತು ಪ್ರತಿಗಳನ್ನು ಮಾತ್ರ ಕೊಡಬಲ್ಲದು. ಬಳಿಕ ಅದರ ಸೂಕ್ಷ್ಮ ಅಂಚುಗಳು ಹರಿಯತೊಡಗುತ್ತವೆ.

ಪ್ರತಿಯೊಂದನ್ನೂ ಮುದ್ರಿಸಿಯೇ ಮಾರಬಾರದೇಕೆ ಎಂಬ ಪ್ರಶ್ನೆ ಸಹಜ. ಹಾಗೆ ಮಾರುವವರೂ ಇದ್ದಾರೆ. ಆದರೆ ಮುದ್ರಿಸಿದ ಒಂದೊಂದು ಪ್ರತಿಯನ್ನೂ ಹೊಸದಾಗಿ ಉಜ್ಜಬೇಕಾಗುತ್ತದೆ. ಎರಕದಲ್ಲಿಯಾದರೆ ಒಮ್ಮೆ ತಿದ್ದಿದ ಮೇಲ್ಮೈ ಎಲ್ಲ ಪ್ರತಿಗಳಿಗೂ ಸಲ್ಲುತ್ತದೆ. ಹೊಸ ಯಂತ್ರ ಬಂದ ಮೇಲೂ ಹಳೆಯ ಅಚ್ಚು ಉಳಿದುಕೊಂಡಿರುವುದಕ್ಕೆ ಇದು ಮುಖ್ಯ ಕಾರಣ.

ಮೂಲ ಯಾವುದು?

ಮುದ್ರಣಕ್ಕೆ ಬಹುವಾಗಿ ಬಳಕೆಯಾಗುವ ಎಸ್‌ಟಿಎಲ್ ಕಡತದಲ್ಲಿ ಇರುವುದು ಮೇಲ್ಮೈಯ ತ್ರಿಕೋನಗಳ ವಿವರ ಮಾತ್ರ. ಅಳತೆಯ ಮಾನವೂ ಅದರಲ್ಲಿ ನಮೂದಾಗಿರುವುದಿಲ್ಲ. ಮುದ್ರಣದ ನಂತರ ಕೈ ಮಾಡಿದ ತಿದ್ದುಪಡಿಗಳಂತೂ ಕಡತಕ್ಕೆ ಮರಳಿ ಸೇರುವುದೇ ಇಲ್ಲ. ಅವು ಇರುವುದು ತಿದ್ದಿದ ಮಾದರಿಯಲ್ಲಿ ಮತ್ತು ಅದರ ಅಚ್ಚಿನಲ್ಲಿ. ಕಳ್ಳನಕಲುಗಳ ಪತ್ತೆಗೂ ಈ ತಿಳಿವಳಿಕೆ ನೆರವಾಗುತ್ತದೆ. ಸಂಕೋಚನವು ಶೇ. 0.5ರಷ್ಟು ಎಂದು ಹಿಡಿದರೆ 200 ಮಿ.ಮೀ. ಉದ್ದದ ಮೂಲದ ಪ್ರತಿ 199 ಮಿ.ಮೀ. ಆಗುತ್ತದೆ, ಆ ಪ್ರತಿಯಿಂದಲೇ ಅಚ್ಚು ತೆಗೆದು ಹೊಯ್ದ ನಕಲು ಸುಮಾರು 198 ಮಿ.ಮೀ.ಗೆ ಇಳಿಯುತ್ತದೆ, ಅಂಚುಗಳೂ ಮೊಂಡಾಗುತ್ತವೆ.

ಹೀಗಾಗಿ ಅಂಕೀಯ ಕಡತವನ್ನು ಸಂಗ್ರಹಿಸಿದ ಮಾತ್ರಕ್ಕೆ ಕೃತಿ ಸಂರಕ್ಷಿತವಾಯಿತೆಂದು ಭಾವಿಸುವಂತಿಲ್ಲ. ಮುದ್ರಿತ ಮಾದರಿ ಬೆಳಕಿಗೆ ಹಳದಿಗಟ್ಟಿ ಪೆಡಸಾಗುತ್ತದೆ, ಅಚ್ಚು ಸವೆಯುತ್ತದೆ, ಕಡತವನ್ನು ತೆರೆಯುವ ತಂತ್ರಾಂಶ ಬದಲಾಗುತ್ತದೆ. ಇವುಗಳಲ್ಲಿ ಯಾವುದೊಂದೂ ಪೂರ್ಣವಾದ ಮೂಲವಲ್ಲ. ಕಡತದ ಜೊತೆಗೆ ಅಳತೆಯ ಟಿಪ್ಪಣಿ, ತಿದ್ದಿದ ಮಾದರಿಯ ಛಾಯಾಚಿತ್ರಗಳು ಮತ್ತು ಆರಂಭದ ಎರಕದ ಒಂದು ಪ್ರತಿಯನ್ನು ಒಟ್ಟಾಗಿ ಇರಿಸುವ ಸಂಗ್ರಹಾಲಯವು ಮುಂದಿನ ಸಂಶೋಧಕನಿಗೆ ಆಕೃತಿಯನ್ನು ಮಾತ್ರವಲ್ಲದೆ ಅದನ್ನು ತಿದ್ದಿದ ಕೈಯ ಜಾಡನ್ನೂ ಒದಗಿಸಬಲ್ಲದು.