ಲೋಟದ ಕಾಫಿಗೂ ಒಂದು ಅಳತೆ

ಹಣ್ಣನ್ನು ಆರಿಸಿ ಕುಯ್ದು, ಪಲ್ಪರ್‌ಗೆ ಹಾಕಿ, ಕಣದಲ್ಲಿ ಹದವಾಗಿ ಒಣಗಿಸಿದ ಪಾರ್ಚ್‌ಮೆಂಟಿನ ಗುಣವನ್ನು ಕೊನೆಗೆ ತೀರ್ಮಾನಿಸುವುದು ಕುಡಿಯುವವರ ನಾಲಿಗೆ. ಕಾಫಿ ಮಾಡುವವರು ಕೆಡಿಸಿದರೂ ದೂರು ಬರುವುದು ಬೀಜದ ಮೇಲೆಯೇ. ಆದುದರಿಂದ ಈ ಕೊನೆಯ ಹಂತಕ್ಕೆ ಅಳತೆಗೋಲು ಕೊಟ್ಟ ಅರ್ನೆಸ್ಟ್ ಲಾಕ್‌ಹಾರ್ಟ್ ಅವರ ಕೆಲಸವನ್ನು ಬೆಳೆಗಾರ ಬಂಧುಗಳು ತಿಳಿದಿರುವುದು ಒಳ್ಳೆಯದು.

ಅಮೆರಿಕದ ಮೆಸಾಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿದ್ದ ಈ ಜೀವರಸಾಯನ ವಿಜ್ಞಾನಿ, 1952ರಲ್ಲಿ ಆರಂಭವಾದ ಕಾಫಿ ಬ್ರೂಯಿಂಗ್ ಇನ್‌ಸ್ಟಿಟ್ಯೂಟ್‌ನ ಸಂಶೋಧನೆಯನ್ನು ಮುನ್ನಡೆಸಿದರು. ಆ ಸಂಸ್ಥೆಯ ಬೆನ್ನಿಗೆ ಅಮೆರಿಕದ ಕಾಫಿ ವರ್ತಕರಷ್ಟೇ ಅಲ್ಲ, ಲ್ಯಾಟಿನ್ ಅಮೆರಿಕದ ಬೆಳೆಗಾರ ದೇಶಗಳೂ ಇದ್ದವು. ಲೋಟ ಕೆಟ್ಟರೆ ತೋಟಕ್ಕೇ ನಷ್ಟವೆಂಬುದು ಅವರಿಗೆ ಗೊತ್ತಿತ್ತು.

ಲಾಕ್‌ಹಾರ್ಟ್ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿದರು. ಪುಡಿಯಿಂದ ಎಷ್ಟು ಸಾರ ಇಳಿಯಿತು? ಲೋಟದಲ್ಲಿ ಎಷ್ಟು ಸಾರವಿದೆ? ಹುರಿದ 100 ಗ್ರಾಂ ಪುಡಿಯಲ್ಲಿ ನೀರಿಗೆ ಕರಗಬಲ್ಲದ್ದು ಸುಮಾರು 30 ಗ್ರಾಂ. ಅದರಲ್ಲಿ 18ರಿಂದ 22 ಗ್ರಾಂ ಇಳಿದರೆ ರುಚಿ ಹದ. ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕಹಿ ಮತ್ತು ಒಗರು. ಹಾಲಿಲ್ಲದ ಕಾಫಿಯಲ್ಲಿ ಸಾರದ ಪ್ರಮಾಣ ಶೇಕಡಾ 1.15ರಿಂದ 1.35 ಇರಬೇಕೆಂದು ಅವರು ಗುರುತಿಸಿದರು. ಒಂದು ಲೀಟರ್ ನೀರಿಗೆ ಸುಮಾರು 55 ಗ್ರಾಂ ಪುಡಿ ಹಾಕಿ ಸರಿಯಾಗಿ ಇಳಿಸಿದರೆ ಎರಡೂ ಅಳತೆಗಳು ಕೂಡಿಬರುತ್ತವೆ.

ಇದನ್ನೆಲ್ಲ ಒಂದೇ ಹಾಳೆಯ ನಕ್ಷೆಯಲ್ಲಿ ತೋರಿಸಿದ್ದರಿಂದ ವಿಜ್ಞಾನ ಓದದವರಿಗೂ ಕಲಿಸಲು ಸುಲಭವಾಯಿತು. ಸಂಸ್ಥೆ 1975ರಲ್ಲಿ ಮುಚ್ಚಿದರೂ ನಕ್ಷೆ ಉಳಿಯಿತು; 1982ರಲ್ಲಿ ಹುಟ್ಟಿದ ಅಮೆರಿಕದ ಸ್ಪೆಷಾಲಿಟಿ ಕಾಫಿ ಸಂಘ ಅದನ್ನೇ ತರಬೇತಿಗೆ ಬಳಸಿತು. ಇತ್ತೀಚೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಶಾಖೆಯ ಸಂಶೋಧಕರು, ಎಲ್ಲರ ನಾಲಿಗೆಗೂ ಒಂದೇ ಹದ ಒಪ್ಪುವುದಿಲ್ಲವೆಂದು ತೋರಿಸಿ ನಕ್ಷೆಯನ್ನು ತಿದ್ದುತ್ತಿದ್ದಾರೆ. ಆದರೆ ಅಳೆದು ನೋಡುವ ಕ್ರಮ ಲಾಕ್‌ಹಾರ್ಟರದೇ.

ಹಾಲು ಬೆರೆಸುವ ನಮ್ಮ ಗಟ್ಟಿ ಡಿಕಾಕ್ಷನ್‌ಗೆ ಈ ಅಂಕಿಗಳು ನೇರವಾಗಿ ಹೊಂದುವುದಿಲ್ಲ, ತತ್ವ ಹೊಂದುತ್ತದೆ. ಒಮ್ಮೆ ಇಳಿದ ಚರಟಕ್ಕೆ ಮತ್ತೆ ಮತ್ತೆ ಬಿಸಿನೀರು ಹಾಕಿದರೆ ಬರುವುದು ಕಹಿಯೇ. ಚಿಕೋರಿ ಕಾಫಿಗಿಂತ ಹೆಚ್ಚು ಕರಗುವುದರಿಂದ ಡಿಕಾಕ್ಷನ್ ಕಪ್ಪಗಿದ್ದ ಮಾತ್ರಕ್ಕೆ ಅದರಲ್ಲಿ ಕಾಫಿ ಹೆಚ್ಚಿದೆಯೆಂದು ತಿಳಿಯಬಾರದು. ಸದಸ್ಯರು ಮನೆಯಲ್ಲಿ ಒಂದು ವಾರ ಪುಡಿಯನ್ನೂ ನೀರನ್ನೂ ತೂಗಿ, ಅಳೆದು ಕಾಫಿ ಇಳಿಸಿ ನೋಡಲಿ. ತನ್ನ ಬೆಳೆಯ ರುಚಿಯನ್ನು ತಾನೇ ಬಲ್ಲ ಬೆಳೆಗಾರನು ವ್ಯಾಪಾರಿಯ ಮುಂದೆ ಧೈರ್ಯವಾಗಿ ಮಾತನಾಡಬಲ್ಲನು.